ರಕ್ತದಲ್ಲಿ ಕಡಿಮೆಯಾದುದನ್ನೆಲ್ಲ ತುಂಬಿಸಲೇಬೇಕೆ? ಐಸಿಯು ರೋಗಿಗಳು ಮತ್ತು ಅಮೈನೋ ಆಮ್ಲಗಳ ಕಥೆ

ಮನೆಯ ಹಿರಿಯರೊಬ್ಬರು ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ, ಅಂದರೆ ನಾವೆಲ್ಲರೂ ಐಸಿಯು ಎಂದು ಕರೆಯುವ ಕೊಠಡಿಯಲ್ಲಿ ಮಲಗಿರುವಾಗ, ಹೊರಗಿನ ಕುರ್ಚಿಗಳ ಮೇಲೆ ಕುಳಿತವರಿಗೆ ಕಾಯುವುದರ ಹೊರತು ಬೇರೆ ಕೆಲಸವಿರುವುದಿಲ್ಲ. ಆಗ ಸಲಹೆಗಳು ಬರತೊಡಗುತ್ತವೆ. ಊರಿನಿಂದ ಫೋನು ಬರುತ್ತದೆ, ನೆರೆಹೊರೆಯವರು ಬಂದು ತಮ್ಮ ಅನುಭವ ಹೇಳುತ್ತಾರೆ, ಮೊಬೈಲಿನಲ್ಲಿ ಯಾರೋ ಒಂದು ಲೇಖನ ಕಳುಹಿಸುತ್ತಾರೆ. ಎಲ್ಲ ಸಲಹೆಗಳ ಸಾರ ಒಂದೇ: ರೋಗಿಗೆ ಶಕ್ತಿ ಇಲ್ಲ, ಶಕ್ತಿ ಬರುವಂಥದ್ದೇನಾದರೂ ಏರಿಸಲು ಹೇಳಿ.

2018ರ ಮಳೆಗಾಲದಲ್ಲಿ ನಮ್ಮ ಭಾವನವರು ಮುಂಬಯಿಯ ಉಪನಗರದ ಆಸ್ಪತ್ರೆಯೊಂದರಲ್ಲಿ ನ್ಯುಮೋನಿಯಾದಿಂದ ಹತ್ತೊಂಬತ್ತು ದಿನ ಐಸಿಯುನಲ್ಲಿದ್ದರು. ಸೋಂಕು ರಕ್ತಕ್ಕೆ ಹರಡಿ, ಮೊದಲು ಶ್ವಾಸಕೋಶ, ಬಳಿಕ ಮೂತ್ರಪಿಂಡ ಸೋತವು. ಹಣದ ವ್ಯವಸ್ಥೆ ನೋಡಿಕೊಳ್ಳುವ ಹೊಣೆ, ಬ್ಯಾಂಕಿನವರೆಂಬ ಕಾರಣಕ್ಕೆ, ನಮ್ಮ ಪಾಲಿಗೆ ಬಂದಿತ್ತು. ಎಂಟನೆಯ ದಿನ ಬಂಧುವೊಬ್ಬರು, ರಕ್ತದಲ್ಲಿ ಗ್ಲುಟಮಿನ್ ಎಂಬ ಅಮೈನೋ ಆಮ್ಲ ಕಡಿಮೆಯಾದರೆ ಐಸಿಯು ರೋಗಿಗಳು ಉಳಿಯುವುದು ಕಷ್ಟವೆಂದೂ, ಅದರ ಬಾಟಲಿ ಸಿಗುತ್ತದೆಂದೂ ಹೇಳಿದರು. ನಾವು ಕರ್ತವ್ಯದಲ್ಲಿದ್ದ ವೈದ್ಯೆಯನ್ನು ಕೇಳಿದೆವು. ಆಕೆ ಶಾಂತವಾಗಿ, ಅದು ಇವರಿಗೆ ಬೇಡ, ಕೊಡುವುದು ಸರಿಯಲ್ಲ ಎಂದರು. ವಿವರಿಸಲು ಆಕೆಗೆ ಸಮಯವಿರಲಿಲ್ಲ; ಅರ್ಥ ಮಾಡಿಕೊಳ್ಳುವ ಸ್ಥಿತಿಯಲ್ಲಿ ನಾವೂ ಇರಲಿಲ್ಲ.

ಭಾವನವರು ಉಳಿಯಲಿಲ್ಲ. ಅದಾದ ಮೇಲೆ ವರ್ಷಗಳ ಕಾಲ ನಮ್ಮ ಅಕ್ಕ ಪ್ರತಿ ಹಬ್ಬಕ್ಕೆ ಸೇರಿದಾಗಲೂ ಒಂದಲ್ಲ ಒಂದು ಹೊತ್ತಿನಲ್ಲಿ ಕೇಳುತ್ತಿದ್ದ ಮಾತು ಒಂದೇ: "ತಮ್ಮಾ, ಅವತ್ತ ಆ ಬಾಟ್ಲಿ ಹಚ್ಚಿಸಿದ್ರ ಅವರು ಉಳೀತಿದ್ರೇನೊ?" ಹಣಕ್ಕೆ ಹಿಂಜರಿದೆವೇ ಎಂಬ ಪ್ರಶ್ನೆಯೂ ಅದರೊಳಗೆ ಅಡಗಿತ್ತು. ನಾವು ಕಲಾ ವಿಭಾಗದ ಪದವೀಧರರು, ವೈದ್ಯಶಾಸ್ತ್ರ ನಮ್ಮ ಕ್ಷೇತ್ರವಲ್ಲ. ಆದರೂ ಆ ಪ್ರಶ್ನೆಗೆ ಉತ್ತರ ಹುಡುಕುತ್ತ, ವೈದ್ಯ ಮಿತ್ರರನ್ನು ಕೇಳುತ್ತ, ಓದುತ್ತ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇವೆ. ಇಂಥ ಪ್ರಶ್ನೆಯನ್ನು ಹೊತ್ತು ಬದುಕುತ್ತಿರುವ ಮನೆಗಳು ನಮ್ಮ ಸಮಾಜದಲ್ಲಿ ಇನ್ನೂ ಹಲವು ಇರಬಹುದು.

ಅಮೈನೋ ಆಮ್ಲವೆಂದರೇನು?

ನಾವು ತಿನ್ನುವ ಬೇಳೆ, ಹಾಲು, ಮೊಸರು, ಮೊಟ್ಟೆ, ಮೀನುಗಳಲ್ಲಿರುವ ಪ್ರೋಟೀನ್ ಜೀರ್ಣವಾದಾಗ ಸಣ್ಣ ಸಣ್ಣ ಘಟಕಗಳಾಗಿ ಒಡೆಯುತ್ತದೆ. ಅವೇ ಅಮೈನೋ ಆಮ್ಲಗಳು. ಕನ್ನಡದ ಸುಮಾರು ಐವತ್ತು ಅಕ್ಷರಗಳಿಂದ ಲಕ್ಷಾಂತರ ಪದಗಳು ಹುಟ್ಟುವಂತೆ, ಇಪ್ಪತ್ತು ಬಗೆಯ ಅಮೈನೋ ಆಮ್ಲಗಳಿಂದ ದೇಹದ ಸಾವಿರಾರು ಪ್ರೋಟೀನ್‌ಗಳು ರೂಪುಗೊಳ್ಳುತ್ತವೆ. ಇವುಗಳಲ್ಲಿ ಒಂಬತ್ತನ್ನು ದೇಹ ತಾನಾಗಿ ತಯಾರಿಸಿಕೊಳ್ಳಲಾರದು, ಅವು ಆಹಾರದಿಂದಲೇ ಬರಬೇಕು. ಉಳಿದವನ್ನು ದೇಹ ತಾನೇ ಮಾಡಿಕೊಳ್ಳಬಲ್ಲದು.

ಗ್ಲುಟಮಿನ್ ಈ ಎರಡನೆಯ ಗುಂಪಿಗೆ ಸೇರಿದ್ದು. ರಕ್ತದಲ್ಲಿ ಬಿಡಿಯಾಗಿ ಸಂಚರಿಸುವ ಅಮೈನೋ ಆಮ್ಲಗಳಲ್ಲಿ ಇದರ ಪ್ರಮಾಣವೇ ಅತ್ಯಧಿಕ. ಇದನ್ನು ಮುಖ್ಯವಾಗಿ ತಯಾರಿಸುವುದು ನಮ್ಮ ಸ್ನಾಯುಗಳು. ಕರುಳಿನ ಒಳಪದರದ ಜೀವಕೋಶಗಳಿಗೂ, ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳಿಗೂ ಇದು ಉರುವಲು. ಒಂದು ಅಂಗದಿಂದ ಇನ್ನೊಂದಕ್ಕೆ ಸಾರಜನಕವನ್ನು ಸಾಗಿಸುವ ಕೆಲಸವನ್ನೂ ಇದು ಮಾಡುತ್ತದೆ. ಮೂತ್ರಪಿಂಡಗಳು ದೇಹದ ಆಮ್ಲತೆಯನ್ನು ಹದದಲ್ಲಿಡಲು ಇದನ್ನೇ ಬಳಸುತ್ತವೆ. ಇಷ್ಟೆಲ್ಲ ಉಪಯುಕ್ತವಾದ ವಸ್ತು ಕಡಿಮೆಯಾದರೆ ತುಂಬಿಸಬೇಕೆಂದು ಯಾರಿಗಾದರೂ ಅನ್ನಿಸುವುದು ಸಹಜವೇ.

ಕಾಯಿಲೆ ಬಂದಾಗ ದೇಹ ತನ್ನನ್ನೇ ಕರಗಿಸುತ್ತದೆ

ತೀವ್ರ ಪೆಟ್ಟು ಅಥವಾ ಸೋಂಕು ತಗುಲಿದಾಗ ದೇಹದೊಳಗೆ ಏನಾಗುತ್ತದೆ ಎಂಬುದನ್ನು ಕ್ರಮಬದ್ಧವಾಗಿ ಅಳೆದವರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಕತ್‌ಬರ್ಟ್‌ಸನ್ ಮೊದಲಿಗರು. 1930ರ ಸುಮಾರಿಗೆ ಗ್ಲಾಸ್ಗೋ ನಗರದಲ್ಲಿ ಅವರು ಕಾಲಿನ ಮೂಳೆ ಮುರಿದು ಮಲಗಿದವರ ಮೂತ್ರವನ್ನು ಪರೀಕ್ಷಿಸಿದರು. ಪೆಟ್ಟು ಬಿದ್ದ ಕೆಲವು ದಿನಗಳಲ್ಲಿ ಅವರ ಮೂತ್ರದ ಮೂಲಕ ಸಾರಜನಕ ಅಪಾರವಾಗಿ ಹೊರಹೋಗುತ್ತಿತ್ತು. ಅಂದರೆ ದೇಹ ತನ್ನ ಸ್ನಾಯುಗಳ ಪ್ರೋಟೀನನ್ನು ಕರಗಿಸುತ್ತಿತ್ತು. ಮುರಿದ ಕಾಲಿನಲ್ಲಿ ಮಾತ್ರವಲ್ಲ, ಇಡೀ ಶರೀರದಲ್ಲಿ ಈ ಕರಗುವಿಕೆ ನಡೆಯುತ್ತಿತ್ತು. ಚೆನ್ನಾಗಿ ಉಣಬಡಿಸಿದರೂ ಅದನ್ನು ಪೂರ್ತಿಯಾಗಿ ತಡೆಯಲಾಗಲಿಲ್ಲ ಎಂಬುದು ಅವರ ಮುಖ್ಯ ಅವಲೋಕನ.

ಇಂದಿನ ಐಸಿಯುಗಳಲ್ಲಿಯೂ ಈ ಕ್ರಿಯೆ ನಡೆಯುತ್ತಲೇ ಇದೆ. 2013ರಲ್ಲಿ ಲಂಡನ್ನಿನ ಸಂಶೋಧಕರು 63 ಮಂದಿ ಐಸಿಯು ರೋಗಿಗಳ ತೊಡೆಯ ಸ್ನಾಯುವನ್ನು ಅಲ್ಟ್ರಾಸೌಂಡ್ ಮೂಲಕ ಅಳೆದು ಪ್ರಕಟಿಸಿದ ವರದಿಯಂತೆ, ಹತ್ತು ದಿನಗಳಲ್ಲಿ ಆ ಸ್ನಾಯುವಿನ ಅಡ್ಡಗಾತ್ರ ಸರಾಸರಿ ಶೇ. 17ಕ್ಕಿಂತ ಹೆಚ್ಚು ಕುಗ್ಗಿತ್ತು. ಒಂದಕ್ಕಿಂತ ಹೆಚ್ಚು ಅಂಗಗಳು ಸೋತವರಲ್ಲಿ ಕುಗ್ಗುವಿಕೆ ಇನ್ನೂ ವೇಗವಾಗಿತ್ತು. ಐಸಿಯುನಿಂದ ಹೊರಬಂದವರನ್ನು ಕಂಡಾಗ "ಎಷ್ಟು ಇಳಿದುಹೋಗಿದ್ದಾರೆ" ಎಂದು ನಾವು ಕಣ್ಣೀರು ಹಾಕುತ್ತೇವಲ್ಲ, ಅದರ ಹಿಂದಿನ ಲೆಕ್ಕ ಇದು.

ಹೀಗೆ ಕರಗಿದ ಸ್ನಾಯುವಿನಿಂದ ಅಮೈನೋ ಆಮ್ಲಗಳು ರಕ್ತಕ್ಕೆ ಬರುತ್ತವೆ. ಯಕೃತ್ತು ಅವನ್ನು ಎತ್ತಿಕೊಂಡು ಸೋಂಕಿನ ವಿರುದ್ಧ ಬೇಕಾದ ಪ್ರೋಟೀನ್‌ಗಳನ್ನು ಕಟ್ಟುತ್ತದೆ. ಬಿಳಿ ರಕ್ತಕಣಗಳು ತಮ್ಮ ಪಾಲನ್ನು ಬಳಸಿಕೊಳ್ಳುತ್ತವೆ. ಕಷ್ಟಕಾಲದಲ್ಲಿ ಮನೆಯ ಚಿನ್ನ ಒತ್ತೆಯಿಟ್ಟು ಖರ್ಚು ನಿಭಾಯಿಸುವ ಸಂಸಾರದಂತೆ ದೇಹ ನಡೆದುಕೊಳ್ಳುತ್ತದೆ. ಒಂದೆಡೆ ಬರವು, ಇನ್ನೊಂದೆಡೆ ವೆಚ್ಚ, ಎರಡೂ ಏರಿರುತ್ತವೆ. ಈ ನಡುವೆ ರಕ್ತದಲ್ಲಿ ಪ್ರತಿಯೊಂದು ಅಮೈನೋ ಆಮ್ಲದ ಮಟ್ಟವೂ ಏರುಪೇರಾಗುತ್ತದೆ.

ಮಟ್ಟಗಳು ಏನು ಹೇಳುತ್ತವೆ?

ಈ ಏರುಪೇರುಗಳಿಗೆ ಅರ್ಥವಿದೆ. ಸಿಟ್ರುಲಿನ್ ಎಂಬ ಅಮೈನೋ ಆಮ್ಲವನ್ನು ಬಹುಪಾಲು ಸಣ್ಣ ಕರುಳೇ ತಯಾರಿಸುತ್ತದೆ. ಅದು ತೀರಾ ಇಳಿದರೆ ಕರುಳಿನ ಒಳಪದರ ಹಾನಿಗೊಂಡಿದೆ ಎಂದು ವೈದ್ಯರು ಊಹಿಸಬಲ್ಲರು. ಫಿನೈಲ್ ಅಲನಿನ್ ಎಂಬುದನ್ನು ಸ್ನಾಯು ಒಡೆಯಲಾರದು, ಮುಖ್ಯವಾಗಿ ಯಕೃತ್ತೇ ವಿಲೇವಾರಿ ಮಾಡಬೇಕು. ಅದು ಏರಿದರೆ ಸ್ನಾಯು ಹೆಚ್ಚು ಕರಗುತ್ತಿದೆ ಅಥವಾ ಯಕೃತ್ತು ಕೆಲಸ ನಿಭಾಯಿಸಲಾಗುತ್ತಿಲ್ಲ ಎಂದರ್ಥ. ಹೀಗೆ ರಕ್ತದ ಅಮೈನೋ ಆಮ್ಲಗಳು ದೇಹದೊಳಗಿನ ಬೇರೆ ಬೇರೆ ಅಂಗಗಳ ಸುದ್ದಿ ತರುವ ಅಂಚೆಯವರಂತೆ.

ಗ್ಲುಟಮಿನ್ ವಿಷಯದಲ್ಲಿ ಮಹತ್ವದ ವರದಿ 2001ರಲ್ಲಿ ನೆದರ್‌ಲ್ಯಾಂಡ್ಸ್‌ನಿಂದ ಬಂತು. ಅಲ್ಲಿ ತುರ್ತಾಗಿ ಐಸಿಯು ಸೇರಿದ 80 ರೋಗಿಗಳ ರಕ್ತವನ್ನು ಪರೀಕ್ಷಿಸಿದಾಗ, ಲೀಟರಿಗೆ 420 ಮೈಕ್ರೋಮೋಲ್‌ಗಿಂತ ಕಡಿಮೆ ಗ್ಲುಟಮಿನ್ ಇದ್ದವರಲ್ಲಿ ಆಸ್ಪತ್ರೆಯಲ್ಲೇ ತೀರಿಕೊಂಡವರು ಶೇ. 60, ಉಳಿದವರಲ್ಲಿ ಶೇ. 29. ಆರೋಗ್ಯವಂತರಲ್ಲಿ ಈ ಮಟ್ಟ ಸಾಮಾನ್ಯವಾಗಿ 500ರಿಂದ 750ರ ಆಸುಪಾಸಿನಲ್ಲಿರುತ್ತದೆ. ನಮ್ಮ ಬಂಧುಗಳ ಮೊಬೈಲಿಗೆ ಬಂದ ಲೇಖನದಲ್ಲಿದ್ದ ಮಾತಿನ ಮೂಲ ಬಹುಶಃ ಇಂಥ ಅಧ್ಯಯನವೇ ಇರಬೇಕು. ಆ ಮಾತು ಸುಳ್ಳಲ್ಲ.

ಆದರೆ ಅದು ಅರ್ಧ ಸತ್ಯ. 2012ರಲ್ಲಿ ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಸಂಶೋಧಕರು 174 ರೋಗಿಗಳನ್ನು ಅಧ್ಯಯನ ಮಾಡಿದರು. 420ಕ್ಕಿಂತ ಕಡಿಮೆ ಇದ್ದವರಲ್ಲಿ ಸಾವು ಹೆಚ್ಚೆಂಬುದು ಅಲ್ಲಿಯೂ ಕಂಡಿತು. ಅದರೊಡನೆ ಇನ್ನೊಂದು ಸಂಗತಿಯೂ ಕಂಡಿತು: 930ಕ್ಕಿಂತ ಹೆಚ್ಚು ಇದ್ದವರಲ್ಲಿಯೂ ಸಾವು ಹೆಚ್ಚಾಗಿತ್ತು. ಯಕೃತ್ತು ತೀವ್ರವಾಗಿ ಸೋತಾಗ ಗ್ಲುಟಮಿನ್ ಹೀಗೆ ಏರಿ ನಿಲ್ಲುತ್ತದೆ. ಆದುದರಿಂದ ಕಡಿಮೆ ಎಂಬುದೂ ಅಪಾಯದ ಗುರುತು, ಅತಿಯಾದುದೂ ಅಪಾಯದ ಗುರುತು. ರಕ್ತದ ಮಟ್ಟವೇ ಗೊತ್ತಿಲ್ಲದೆ ಎಲ್ಲರಿಗೂ ಬಾಟಲಿ ಏರಿಸಿದರೆ ಏನಾದೀತು ಎಂಬ ಪ್ರಶ್ನೆ ಇಲ್ಲಿಯೇ ಏಳುತ್ತದೆ.

ಪಾಸ್‌ಬುಕ್ಕಿನ ಕೊನೆಯ ಸಾಲು

ನಮ್ಮ ವೃತ್ತಿಯ ಒಂದು ಉದಾಹರಣೆಯಿಂದ ಈ ಅಂಶವನ್ನು ವಿವರಿಸಲು ಓದುಗರು ಅನುಮತಿಸಬೇಕು. ಒಬ್ಬ ವ್ಯಾಪಾರಿಯ ಖಾತೆಯಲ್ಲಿ ಸಂಜೆ ಉಳಿದಿರುವ ಮೊತ್ತ ಹತ್ತು ಸಾವಿರ ಎಂದಿಟ್ಟುಕೊಳ್ಳೋಣ. ಆ ಒಂದು ಅಂಕಿಯಿಂದ ಅವನ ವ್ಯಾಪಾರ ಹೇಗಿದೆಯೆಂದು ಹೇಳಲಾಗದು. ದಿನವಿಡೀ ಲಕ್ಷಗಟ್ಟಲೆ ಜಮೆಯಾಗಿ, ಅಷ್ಟೇ ವೇಗದಲ್ಲಿ ಪಾವತಿಯಾಗಿ, ಕೊನೆಗೆ ಹತ್ತು ಸಾವಿರ ಉಳಿದಿರಬಹುದು. ಇಲ್ಲವೇ ತಿಂಗಳುಗಟ್ಟಲೆ ಏನೂ ವಹಿವಾಟಿಲ್ಲದೆ ಹತ್ತು ಸಾವಿರ ಬಿದ್ದಿರಬಹುದು. ಉಳಿಕೆ ಒಂದೇ, ಸ್ಥಿತಿ ಬೇರೆ ಬೇರೆ.

ರಕ್ತದ ಗ್ಲುಟಮಿನ್ ಹಾಗೆಯೇ ದಿನದಂತ್ಯದ ಉಳಿಕೆ. ಲೆಕ್ಕ ಹಾಕಿದರೆ ಸೋಜಿಗವೆನಿಸುತ್ತದೆ: ನಮ್ಮ ಸುಮಾರು ಮೂರು ಲೀಟರ್ ರಕ್ತದ್ರವದಲ್ಲಿ ಯಾವುದೇ ಕ್ಷಣದಲ್ಲಿರುವ ಗ್ಲುಟಮಿನ್ ಕಾಲು ಗ್ರಾಂ ಮಾತ್ರ. ಆದರೆ ದಿನವೊಂದಕ್ಕೆ ದೇಹದೊಳಗೆ ತಯಾರಾಗಿ ರಕ್ತದ ಮೂಲಕ ಹಾದುಹೋಗುವ ಗ್ಲುಟಮಿನ್ ಹಲವು ಹತ್ತು ಗ್ರಾಂ. ಸ್ನಾಯುಗಳ ಒಳಗಿನ ಸಾಂದ್ರತೆ ರಕ್ತದ್ದಕ್ಕಿಂತ ಸುಮಾರು ಮೂವತ್ತು ಪಟ್ಟು. ಕರೋಲಿನ್ಸ್ಕಾ ಸಂಶೋಧಕರೇ ಮುಂದೆ ತೋರಿಸಿಕೊಟ್ಟಂತೆ, ಐಸಿಯು ರೋಗಿಯ ದೇಹ ಎಷ್ಟು ಗ್ಲುಟಮಿನ್ ತಯಾರಿಸುತ್ತಿದೆ ಎಂಬುದಕ್ಕೂ ರಕ್ತದಲ್ಲಿರುವ ಮಟ್ಟಕ್ಕೂ ನೇರ ಸಂಬಂಧ ಕಾಣುವುದಿಲ್ಲ. ಹೀಗಿರುವಲ್ಲಿ ಮಟ್ಟ ಇಳಿದಿದೆ ಎಂದ ಮಾತ್ರಕ್ಕೆ ಕೊರತೆಯಿದೆ ಎಂದು ತೀರ್ಮಾನಿಸುವುದು ಅವಸರದ ಮಾತಾಗುತ್ತದೆ.

ಭರವಸೆಯ ವರ್ಷಗಳು

ಆದರೆ ಈ ಎಲ್ಲ ವಿವೇಕ ಬಂದದ್ದು ತಡವಾಗಿ. ಆರಂಭದಲ್ಲಿ ಎಲ್ಲ ಸೂಚನೆಗಳೂ ಅನುಕೂಲಕರವಾಗಿಯೇ ಇದ್ದವು. ಆರೋಗ್ಯವಂತರಿಗೆ ಅಗತ್ಯವಲ್ಲದ ಗ್ಲುಟಮಿನ್, ಕಾಯಿಲೆಯ ಕಾಲದಲ್ಲಿ ಅಗತ್ಯವಾಗುತ್ತದೆ ಎಂಬ ವಾದ 1990ರ ವೇಳೆಗೆ ಬಲಗೊಂಡಿತ್ತು. ನರದ ಮೂಲಕ ಕೊಡುವ ಸಾಮಾನ್ಯ ಪೋಷಕ ದ್ರವಗಳಲ್ಲಿ ಗ್ಲುಟಮಿನ್ ಇರುತ್ತಿರಲಿಲ್ಲ, ಏಕೆಂದರೆ ದ್ರವದಲ್ಲಿ ಅದು ಬಹಳ ಕಾಲ ಕೆಡದೆ ಉಳಿಯದು. ಅದನ್ನು ಇನ್ನೊಂದು ಅಮೈನೋ ಆಮ್ಲದೊಡನೆ ಜೋಡಿಸಿ ಸ್ಥಿರಗೊಳಿಸುವ ಉಪಾಯ ತಿಳಿದ ಮೇಲೆ ಬಾಟಲಿಗಳು ಮಾರುಕಟ್ಟೆಗೆ ಬಂದವು.

1997ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಬಳಿಯ ಆಸ್ಪತ್ರೆಯೊಂದರಿಂದ ಒಂದು ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ನರದ ಮೂಲಕವೇ ಪೋಷಣೆ ಪಡೆಯಬೇಕಾದ 84 ರೋಗಿಗಳನ್ನು, ಚೀಟಿ ಎತ್ತಿದಂತೆ, ತಲಾ 42ರ ಎರಡು ಗುಂಪು ಮಾಡಿದ್ದರು. ಗ್ಲುಟಮಿನ್ ಪಡೆದ 42 ಮಂದಿಯಲ್ಲಿ ಆರು ತಿಂಗಳ ಬಳಿಕ 24 ಜನ ಬದುಕಿದ್ದರು. ಪಡೆಯದ 42ರಲ್ಲಿ 14 ಜನ ಮಾತ್ರ. ಇಂಥ ಅಂತರ ಕಂಡ ಯಾವ ವೈದ್ಯರಿಗೆ ತಾನೇ ಆಸೆ ಹುಟ್ಟದು? ಅನಂತರ ಬಂದ ಹಲವು ಸಣ್ಣ ಅಧ್ಯಯನಗಳೂ ಇದೇ ದಿಕ್ಕಿನಲ್ಲಿ ಮಾತಾಡಿದವು. 2009ರಲ್ಲಿ ಯೂರೋಪಿನ ಪೋಷಣಾ ತಜ್ಞರ ಸಂಘವಾದ ಎಸ್ಪೆನ್, ನರದ ಮೂಲಕ ಪೋಷಣೆ ಪಡೆಯುವ ಐಸಿಯು ರೋಗಿಗಳಿಗೆ ಗ್ಲುಟಮಿನ್ ಸೇರಿಸಬೇಕೆಂದು ಉನ್ನತ ದರ್ಜೆಯ ಶಿಫಾರಸನ್ನೇ ನೀಡಿತು.

ದೊಡ್ಡ ಪ್ರಯೋಗಗಳ ತೀರ್ಪು

ಬಳಿಕ ದೊಡ್ಡ ಪ್ರಯೋಗಗಳ ಸರದಿ. 2011ರಲ್ಲಿ ಸ್ಕಾಟ್ಲೆಂಡಿನ 502 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಗ್ಲುಟಮಿನ್‌ನಿಂದ ಸೋಂಕೂ ಕಡಿಮೆಯಾಗಲಿಲ್ಲ, ಸಾವೂ ಕಡಿಮೆಯಾಗಲಿಲ್ಲ. ಆದರೆ ಎಲ್ಲರನ್ನೂ ಬೆಚ್ಚಿಬೀಳಿಸಿದ್ದು 2013ರಲ್ಲಿ ಪ್ರಕಟವಾದ ರಿಡಾಕ್ಸ್ ಎಂಬ ಪ್ರಯೋಗ. ಕೆನಡಾದ ಡ್ಯಾರೆನ್ ಹೇಲ್ಯಾಂಡ್ ಅವರ ನೇತೃತ್ವದಲ್ಲಿ, ಕೆನಡಾ, ಅಮೆರಿಕ ಮತ್ತು ಯೂರೋಪಿನ 40 ಐಸಿಯುಗಳಲ್ಲಿ, ಕನಿಷ್ಠ ಎರಡು ಅಂಗಗಳು ಸೋತು ವೆಂಟಿಲೇಟರ್ ಮೇಲಿದ್ದ 1,223 ರೋಗಿಗಳನ್ನು ಇದರಲ್ಲಿ ಸೇರಿಸಿಕೊಂಡಿದ್ದರು. ಐಸಿಯು ಸೇರಿದ ಒಂದೇ ದಿನದೊಳಗೆ, ನರದ ಮೂಲಕವೂ ಆಹಾರನಳಿಕೆಯ ಮೂಲಕವೂ, ದೊಡ್ಡ ಪ್ರಮಾಣದಲ್ಲಿ ಗ್ಲುಟಮಿನ್ ಕೊಡಲಾಯಿತು.

ಫಲಿತಾಂಶ ನಿರೀಕ್ಷೆಗೆ ತದ್ವಿರುದ್ಧವಾಗಿತ್ತು. 28 ದಿನಗಳೊಳಗೆ ಮಡಿದವರು ಗ್ಲುಟಮಿನ್ ಪಡೆದವರಲ್ಲಿ ಶೇ. 32.4, ಪಡೆಯದವರಲ್ಲಿ ಶೇ. 27.2. ಈ ಅಂತರ ಆಕಸ್ಮಿಕವಿರಬಹುದೇ ಎಂಬ ಅನುಮಾನಕ್ಕೆ ಅಲ್ಪ ಎಡೆಯಿತ್ತು. ಆದರೆ ಆರು ತಿಂಗಳ ಲೆಕ್ಕದಲ್ಲಿ ಆ ಅನುಮಾನ ಬಹುಮಟ್ಟಿಗೆ ನಿವಾರಣೆಯಾಯಿತು: ಶೇ. 43.7 ಮತ್ತು ಶೇ. 37.2. ನೂರು ರೋಗಿಗಳಿಗೆ ಕೊಟ್ಟರೆ ಆರು ಮಂದಿ ಹೆಚ್ಚಾಗಿ ಸಾಯುತ್ತಿದ್ದರೆಂದು ಅರ್ಥ. ರಕ್ತದ ಯೂರಿಯಾ ವಿಪರೀತ ಏರಿದವರೂ ಗ್ಲುಟಮಿನ್ ಗುಂಪಿನಲ್ಲೇ ಹೆಚ್ಚಾಗಿದ್ದರು. ಜತೆಗೆ ಇನ್ನೊಂದು ಸಂಗತಿ: ಕೆಲವರ ರಕ್ತವನ್ನು ಮೊದಲೇ ಪರೀಕ್ಷಿಸಿ ನೋಡಿದಾಗ, ಗ್ಲುಟಮಿನ್ ಕಡಿಮೆಯಿದ್ದವರು ಅವರಲ್ಲಿ ಒಂದು ಭಾಗ ಮಾತ್ರ. ಎಲ್ಲರಿಗೂ ಕೊರತೆಯಿದೆ ಎಂಬ ನಂಬಿಕೆಯೇ ಸಡಿಲವಾಗಿತ್ತು.

2014ರಲ್ಲಿ ನೆದರ್‌ಲ್ಯಾಂಡ್ಸ್, ಜರ್ಮನಿ, ಫ್ರಾನ್ಸ್ ಮತ್ತು ಬೆಲ್ಜಿಯಂ ದೇಶಗಳ 301 ರೋಗಿಗಳ ಮೇಲೆ ಇನ್ನೊಂದು ಪ್ರಯೋಗ ಪ್ರಕಟವಾಯಿತು. ಅಲ್ಲಿ ಗ್ಲುಟಮಿನ್ ಒಂದೇ ಅಲ್ಲದೆ ಮೀನೆಣ್ಣೆಯ ಕೊಬ್ಬಿನಾಮ್ಲ, ಸೆಲೆನಿಯಂ ಮೊದಲಾದವನ್ನೂ ಸೇರಿಸಿದ ನಳಿಕೆಯ ಆಹಾರ ಕೊಟ್ಟಿದ್ದರು. ಸೋಂಕು ಕಡಿಮೆಯಾಗಲಿಲ್ಲ. ಶಸ್ತ್ರಚಿಕಿತ್ಸೆ ಅಥವಾ ಅಪಘಾತದಿಂದಲ್ಲದೆ ಇತರ ಕಾಯಿಲೆಗಳಿಂದ ಬಂದವರಲ್ಲಿ ಆರು ತಿಂಗಳೊಳಗಿನ ಸಾವು ಶೇ. 54, ಸಾಮಾನ್ಯ ಆಹಾರ ಪಡೆದವರಲ್ಲಿ ಶೇ. 35. ನ್ಯುಮೋನಿಯಾದಿಂದ ಬಂದಿದ್ದ ನಮ್ಮ ಭಾವನವರು ಇದೇ ವರ್ಗಕ್ಕೆ ಸೇರಿದವರು ಎಂಬುದನ್ನು ಓದಿದಾಗ ನಾವು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು.

ಸುಟ್ಟಗಾಯದ ರೋಗಿಗಳಿಗಾದರೂ ಪ್ರಯೋಜನವಿದೆಯೆಂಬ ಆಶೆ ಉಳಿದಿತ್ತು. 2022ರಲ್ಲಿ ಸುಮಾರು 1,200 ಮಂದಿ ತೀವ್ರ ಸುಟ್ಟಗಾಯದ ರೋಗಿಗಳ ಪ್ರಯೋಗ ಅದಕ್ಕೂ ತೆರೆ ಎಳೆಯಿತು. ಗ್ಲುಟಮಿನ್ ಪಡೆದವರಲ್ಲಿ ಆರು ತಿಂಗಳೊಳಗಿನ ಸಾವು ಶೇ. 17.2, ಪಡೆಯದವರಲ್ಲಿ ಶೇ. 16.2, ಅಂದರೆ ಲಾಭವೂ ಇಲ್ಲ, ಹೇಳಿಕೊಳ್ಳುವಂಥ ನಷ್ಟವೂ ಇಲ್ಲ. ಅದಕ್ಕೂ ಮುನ್ನ, 2019ರಲ್ಲೇ, ಅದೇ ಎಸ್ಪೆನ್ ಸಂಘ ತನ್ನ ಹಳೆಯ ಶಿಫಾರಸನ್ನು ತಿದ್ದಿತ್ತು. ಸ್ಥಿತಿ ಅಸ್ಥಿರವಾಗಿರುವ, ಅದರಲ್ಲೂ ಯಕೃತ್ತು ಅಥವಾ ಮೂತ್ರಪಿಂಡ ಸೋತಿರುವ ಐಸಿಯು ರೋಗಿಗಳಿಗೆ ನರದ ಮೂಲಕ ಗ್ಲುಟಮಿನ್ ಕೊಡಕೂಡದು ಎಂಬುದೇ ಆ ತಿದ್ದುಪಡಿ. ಹತ್ತೇ ವರ್ಷಗಳಲ್ಲಿ "ಕೊಡಬೇಕು" ಎಂಬುದು "ಕೊಡಕೂಡದು" ಎಂದಾಯಿತು.

ಹೀಗೇಕಾಯಿತು?

ಕಾರಣಗಳ ಬಗ್ಗೆ ತಜ್ಞರಲ್ಲಿ ಚರ್ಚೆ ನಡೆದಿದೆ. ಒಂದು ವಿವರಣೆ ಸರಳ. ಅಮೈನೋ ಆಮ್ಲವೆಂದರೆ ಸಾರಜನಕ. ಬಳಕೆಯಾಗದ ಸಾರಜನಕ ಅಮೋನಿಯಾ ಆಗುತ್ತದೆ; ಅದನ್ನು ಯಕೃತ್ತು ಯೂರಿಯಾ ಮಾಡಬೇಕು, ಮೂತ್ರಪಿಂಡಗಳು ಹೊರಹಾಕಬೇಕು. ಈ ಎರಡೂ ಅಂಗಗಳು ದಣಿದಿರುವಾಗ ಇನ್ನಷ್ಟು ಹೊರೆ ಹೇರುವುದು, ಬಿದ್ದ ಎತ್ತಿನ ಮೇಲೆ ಮೂಟೆ ಹೇರಿದಂತೆ.

ಇನ್ನೊಂದು ವಿವರಣೆ ಕುತೂಹಲಕರ. ನಮ್ಮ ಜೀವಕೋಶಗಳಲ್ಲಿ ಹಾಳಾದ ಭಾಗಗಳನ್ನು ಒಡೆದು ಗುಡಿಸಿ ಹಾಕುವ ಸ್ವಚ್ಛತಾ ವ್ಯವಸ್ಥೆಯೊಂದಿದೆ, ಅದಕ್ಕೆ ಆಟೊಫೇಜಿ ಎನ್ನುತ್ತಾರೆ. ಈ ಕುರಿತ ಸಂಶೋಧನೆಗಾಗಿಯೇ ಜಪಾನಿನ ಯೋಶಿನೊರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಅಮೈನೋ ಆಮ್ಲಗಳು ಹೇರಳವಾಗಿ ಬಂದಾಗ ಈ ಸ್ವಚ್ಛತಾ ಕಾರ್ಯ ನಿಧಾನಗೊಳ್ಳುತ್ತದೆ, ಉಪವಾಸದಲ್ಲಿ ಚುರುಕಾಗುತ್ತದೆ. ತೀವ್ರ ಕಾಯಿಲೆಯ ಮೊದಲ ದಿನಗಳಲ್ಲಿ ಹಸಿವು ಸಾಯುವುದು, ದೇಹ ಆಹಾರವನ್ನು ಒಲ್ಲೆನೆನ್ನುವುದು, ಬಹುಶಃ ಅರ್ಥವಿಲ್ಲದ ಕ್ರಿಯೆಯಲ್ಲ ಎಂಬುದು ಕೆಲವರ ಅಭಿಪ್ರಾಯ. 2011ರಲ್ಲಿ ಬೆಲ್ಜಿಯಂನ 4,640 ರೋಗಿಗಳ ಪ್ರಯೋಗದಲ್ಲಿ, ನಳಿಕೆಯ ಆಹಾರ ಸಾಲದಿದ್ದಾಗ ನರದ ಮೂಲಕ ಪೋಷಣೆಯನ್ನು ತಕ್ಷಣವೇ ಸೇರಿಸಿದವರಿಗಿಂತ, ಒಂದು ವಾರ ಕಾದು ಸೇರಿಸಿದವರಲ್ಲಿ ಸೋಂಕು ಕಡಿಮೆಯಿತ್ತು, ಅವರು ಬೇಗ ಚೇತರಿಸಿಕೊಂಡರು.

ಪ್ರೋಟೀನಿನ ಪ್ರಮಾಣದ ಕುರಿತೂ ಇದೇ ಪಾಠ ದೊರೆತಿದೆ. 2023ರಲ್ಲಿ ಪ್ರಕಟವಾದ, 16 ದೇಶಗಳ 1,300ಕ್ಕೂ ಹೆಚ್ಚು ವೆಂಟಿಲೇಟರ್ ರೋಗಿಗಳ ಪ್ರಯೋಗದಲ್ಲಿ, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 2.2 ಗ್ರಾಂ ಅಥವಾ ಹೆಚ್ಚು ಪ್ರೋಟೀನ್ ಕೊಡುವ ಗುರಿಗೂ, 1.2 ಗ್ರಾಂ ಅಥವಾ ಕಡಿಮೆ ಕೊಡುವ ಗುರಿಗೂ ಹೋಲಿಕೆ ಮಾಡಲಾಯಿತು. ಹೆಚ್ಚು ಕೊಟ್ಟವರು ಬೇಗ ಮನೆಗೆ ಹೋಗಲಿಲ್ಲ. ಮೂತ್ರಪಿಂಡ ಸೋತವರಿಗೆ ಅದರಿಂದ ಕೆಡುಕಾಗಿರುವ ಸೂಚನೆಯೂ ಕಂಡಿತು.

ಸಕ್ಕರೆ ಕಾಯಿಲೆಯ ಪರಿಚಯ ನಮ್ಮೆಲ್ಲರ ಮನೆಗಳಲ್ಲೂ ಇರುವುದರಿಂದ ಒಂದು ಹೋಲಿಕೆಯನ್ನು ಕೊಡಬಹುದು. ಐಸಿಯುನಲ್ಲಿ ರಕ್ತದ ಸಕ್ಕರೆ ಏರಿದವರು ಹೆಚ್ಚಾಗಿ ಸಾಯುತ್ತಾರೆ, ಆದ್ದರಿಂದ ಇನ್ಸುಲಿನ್ ಕೊಟ್ಟು ಅದನ್ನು ಪೂರ್ತಿ ಸಾಮಾನ್ಯ ಮಟ್ಟಕ್ಕೆ ಇಳಿಸಬೇಕು ಎಂಬ ವಾದಕ್ಕೆ 2001ರ ಒಂದು ಪ್ರಯೋಗ ಬಲ ನೀಡಿತ್ತು. 2009ರಲ್ಲಿ 6,104 ರೋಗಿಗಳ ದೊಡ್ಡ ಪ್ರಯೋಗ ನಡೆದಾಗ, ಬಿಗಿಯಾಗಿ ಇಳಿಸಿದವರಲ್ಲಿ 90 ದಿನಗಳೊಳಗಿನ ಸಾವು ಶೇ. 27.5, ಸಡಿಲವಾಗಿ 180ರ ಒಳಗೆ ಇರಿಸಿಕೊಂಡವರಲ್ಲಿ ಶೇ. 24.9. ಅಲ್ಲಿಯೂ ಅಂಕಿಯನ್ನು ಸರಿಪಡಿಸಿದ ಮಾತ್ರಕ್ಕೆ ರೋಗಿ ಸರಿಹೋಗಲಿಲ್ಲ.

ಬ್ಯಾಂಕಿನಲ್ಲಿ ನಾವು ಕಲಿತದ್ದೂ ಇದನ್ನೇ. ಮುಳುಗುತ್ತಿರುವ ವ್ಯಾಪಾರದ ಖಾತೆಯಲ್ಲಿ ಉಳಿಕೆ ಕಡಿಮೆಯಿರುತ್ತದೆ, ನಿಜ. ಆದರೆ ಉಳಿಕೆ ಕಡಿಮೆಯಿದ್ದುದರಿಂದ ವ್ಯಾಪಾರ ಮುಳುಗಿತೆಂದಲ್ಲ. ಖಾತೆಗೆ ಇನ್ನಷ್ಟು ಸಾಲ ತುಂಬಿಸಿದರೆ ಅಂಕಿ ಚೆನ್ನಾಗಿ ಕಾಣುತ್ತದೆ, ಬಡ್ಡಿಯ ಹೊರೆ ಮಾತ್ರ ಏರುತ್ತದೆ.

ಹಾಗಾದರೆ ಬಂಧುಗಳು ಏನು ಮಾಡಬೇಕು?

ಇದನ್ನು ಓದಿ, ಐಸಿಯು ರೋಗಿಗೆ ಆಹಾರವೇ ಬೇಡವೆಂದು ಯಾರೂ ತಿಳಿಯಬಾರದು. ಊಟ ಮಾಡಲಾಗದ ರೋಗಿಗೆ, ಅಡ್ಡಿಗಳಿಲ್ಲದಿದ್ದರೆ, ಮೊದಲ 48 ಗಂಟೆಗಳೊಳಗೆ ನಳಿಕೆಯ ಮೂಲಕ ಆಹಾರ ಆರಂಭಿಸಬೇಕೆಂಬುದು ತಜ್ಞರ ಮಾತು. ಅದು ಸ್ವಲ್ಪದರಿಂದ ಆರಂಭವಾಗಿ ದಿನಗಳು ಕಳೆದಂತೆ ಏರುತ್ತದೆ. "ಬರೀ ಇಷ್ಟೇ ಕೊಡುತ್ತಿದ್ದಾರಲ್ಲ" ಎಂದು ನಾವು ಗಾಬರಿಯಾಗುವ ಆ ಅಲ್ಪ ಪ್ರಮಾಣ, ಅನೇಕ ವೇಳೆ ಲೆಕ್ಕ ಹಾಕಿ ಕೊಟ್ಟದ್ದೇ ಆಗಿರುತ್ತದೆ.

ಬಂಧುಗಳು ಮಾಡಬಹುದಾದ ಉಪಕಾರ ಬೇರೆಯೇ ಇದೆ. ರೋಗಿ ಈಚಿನ ತಿಂಗಳುಗಳಲ್ಲಿ ಎಷ್ಟು ತೂಕ ಕಳೆದುಕೊಂಡಿದ್ದರು, ಆಸ್ಪತ್ರೆಗೆ ಬರುವ ಮುನ್ನ ಎಷ್ಟು ದಿನ ಸರಿಯಾಗಿ ಉಂಡಿರಲಿಲ್ಲ, ಮೂತ್ರಪಿಂಡ ಅಥವಾ ಯಕೃತ್ತಿನ ಹಳೆಯ ತೊಂದರೆ ಇತ್ತೇ, ಯಾವ ಔಷಧಗಳನ್ನು ತೆಗೆದುಕೊಳ್ಳುತ್ತಿದ್ದರು ಎಂಬುದನ್ನು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು. ಬಹುದಿನ ಉಪವಾಸವಿದ್ದವರಿಗೆ ಒಮ್ಮೆಲೇ ಹೆಚ್ಚು ಆಹಾರ ಕೊಟ್ಟರೆ ರಕ್ತದ ಲವಣಗಳು ಏರುಪೇರಾಗಿ ಪ್ರಾಣಕ್ಕೇ ಕುತ್ತು ಬರಬಹುದು; ಅದನ್ನು ತಡೆಯಲು ಈ ಮಾಹಿತಿ ಬೇಕು. ಹೊರಗಿನಿಂದ ಪ್ರೋಟೀನ್ ಪುಡಿಯ ಡಬ್ಬಿ ತಂದು ದಾದಿಯರ ಕೈಗಿಟ್ಟು ಒತ್ತಾಯಿಸಬಾರದು. ಬದಲಿಗೆ ಇಂದು ಎಷ್ಟು ಆಹಾರ ಹೋಯಿತು, ಕರುಳು ಒಪ್ಪಿಕೊಳ್ಳುತ್ತಿದೆಯೇ, ಕೈಕಾಲುಗಳಿಗೆ ವ್ಯಾಯಾಮ ಯಾವಾಗ ಆರಂಭ ಎಂದು ಕೇಳಬೇಕು. ಕರಗಿದ ಸ್ನಾಯು ಮರಳಿ ಬರುವುದು ಚೇತರಿಕೆಯ ಹಂತದಲ್ಲಿ, ಒಳ್ಳೆಯ ಆಹಾರ ಮತ್ತು ನಡೆದಾಟ ಎರಡೂ ಕೂಡಿದಾಗ. ಮನೆಯವರ ಬೇಳೆಸಾರು, ಮೊಸರು, ಮೊಟ್ಟೆಗಳ ಕಾಲ ಆಗ ಬರುತ್ತದೆ.

ವೈದ್ಯರು ಒಂದು ಔಷಧವನ್ನು ಬೇಡವೆಂದಾಗ "ಏಕೆ ಬೇಡ?" ಎಂದು ವಿನಯದಿಂದ ಕೇಳುವ ಹಕ್ಕು ನಮಗಿದೆ, ಎರಡು ಮಾತಿನಲ್ಲಾದರೂ ಹೇಳುವುದು ಅವರ ಸೌಜನ್ಯ. ನಮಗೆ ಅಂದು ಆ ಎರಡು ಮಾತು ಸಿಕ್ಕಿದ್ದರೆ ನಮ್ಮ ಅಕ್ಕ ಅಷ್ಟು ವರ್ಷ ನರಳಬೇಕಾಗಿರಲಿಲ್ಲ. ಆದರೂ ಆ ವೈದ್ಯೆಯ ನಿರ್ಧಾರ ಸರಿಯಾಗಿತ್ತು ಎಂಬುದನ್ನು ಇಂದು ನಾವು ಮನಸಾರೆ ಒಪ್ಪುತ್ತೇವೆ. ಶ್ವಾಸಕೋಶ, ಮೂತ್ರಪಿಂಡ ಎರಡೂ ಸೋತಿದ್ದ ಭಾವನವರು, 2013ರ ಪ್ರಯೋಗದಲ್ಲಿ ಹಾನಿ ಕಂಡ ರೋಗಿಗಳಂತೆಯೇ ಇದ್ದವರು.

ಕಳೆದ ದೀಪಾವಳಿಗೆ ಅಕ್ಕ ನಮ್ಮ ಮನೆಗೆ ಬಂದಾಗ ಈ ಎಲ್ಲವನ್ನೂ ಕುಳಿತು ಹೇಳಿದೆವು. ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದು ತೋರಿಸಿದೆವು. ಆಕೆ ಬಹಳ ಹೊತ್ತು ಹಾಳೆಯನ್ನು ನೋಡಿ, "ಹಂಗಾರ ನಾವು ಏನೂ ಕಡಿಮಿ ಮಾಡಿಲ್ಲಲ್ಲ" ಎಂದಳು. ಇಲ್ಲ ಎಂದೆವು. ಹಾಳೆಯನ್ನು ಮಡಿಚಿ ತನ್ನ ಪರ್ಸಿನೊಳಗೆ ಇಟ್ಟುಕೊಂಡಳು.